ನೆರೆಯವನಾದ ಒಬ್ಬ ಬೋಧಕನು

ದೂರದರ್ಶನದ ಮೂಲಕ ಮಕ್ಕಳ ಸೇವೆ ಮಾಡಿದ ಫ್ರೆಡ್ ರೋಜರ್ಸರ ಚರಿತ್ರೆಯಿಂದ ಒಂದು ಪಾಠ

ಓದತಕ್ಕ ವಾಕ್ಯಭಾಗಗಳು: ಲೂಕ 10:25–37, ಯೋಹಾನ 13:1–17, ಮತ್ತಾಯ 18:1–6, 25:31–46.



ದಾವಣಗೆರೆಯ ಮಂಡಿಪೇಟೆಗೆ ವ್ಯಾಪಾರಕ್ಕಾಗಿ ಹೋಗಿಬರುವ ನಮ್ಮ ಹಳ್ಳಿಗಳ ಸಭೆಯವರು ತಕ್ಕಡಿಯ ಬೆಲೆಯನ್ನು ಬಲ್ಲವರು. ಅಂಗಡಿಯವನ ಮಾತು ಎಷ್ಟೇ ಸವಿಯಾಗಿದ್ದರೂ ನಮ್ಮ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆಯೇ ಇರುವದು. ಆದರೆ ಮನೆಯ ದೂರದರ್ಶನದಲ್ಲಿಯೂ ಕೈಯೊಳಗಣ ಮೊಬೈಲಿನಲ್ಲಿಯೂ ನಮ್ಮ ಸಂಗಡಲೂ ನಮ್ಮ ಮಕ್ಕಳ ಸಂಗಡಲೂ ದಿನವೆಲ್ಲಾ ಮಾತಾಡುವವರನ್ನು ನಾವು ತೂಗಿ ನೋಡುವದುಂಟೋ? ದೇವರ ಹೆಸರೆತ್ತಿ ಗಟ್ಟಿಯಾಗಿ ಕೂಗಿದವರೆಲ್ಲರೂ ದೇವರ ಕೆಲಸದವರೆಂದೆಣಿಸಿ, ಅವರು ಕೇಳಿದ ಕಾಣಿಕೆಯನ್ನು ಸಾಲಮಾಡಿಯಾದರೂ ಕಳುಹಿಸುವ ಬಡವರಿದ್ದಾರೆ. ಆದಕಾರಣ ಇಂಥ ಮಾತುಗಳನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂಬದು ಸಣ್ಣ ಪ್ರಶ್ನೆಯಲ್ಲ.

ಅನೇಕರಿಗೆ ಒಂದೇ ವೇಳೆಯಲ್ಲಿ ಮಾತನ್ನು ಮುಟ್ಟಿಸುವ ಸಾಧನಗಳು ಕನ್ನಡನಾಡಿಗೆ ಒಂದೊಂದಾಗಿ ಬಂದವು. 1843ನೆಯ ಜುಲೈ 1ರಲ್ಲಿ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ "ಮಂಗಳೂರ ಸಮಾಚಾರ"ವನ್ನು ಹೊರಡಿಸಿದರು. ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆ ಅದೇ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದು ಆಕಾಶವಾಣಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅನಂತರ ದೂರದರ್ಶನವು ಬಂದು ಮಾತಿನ ಸಂಗಡ ಮುಖವನ್ನೂ ಮನೆಯೊಳಕ್ಕೆ ತಂದಿತು. ಪತ್ರಿಕೆಯು ಓದಬಲ್ಲವರಿಗೆ ಮಾತ್ರ ಮಾತಾಡುವದು. ದೂರದರ್ಶನವಾದರೋ ಓದು ಬಾರದ ಮುದುಕರಿಗೂ ತೊದಲ್ನುಡಿಯ ಕೂಸಿಗೂ ಮಾತಾಡುವದು. ಅಧಿಕಾರ ಹೆಚ್ಚಿದಷ್ಟು ಹೊಣೆಯೂ ಹೆಚ್ಚು. ಆ ಹೊಣೆಯನ್ನು ಅರಿತು ನಡೆದ ಅಮೇರಿಕಾ ದೇಶದ ಒಬ್ಬ ಬೋಧಕರ ಜೀವಿತವನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

1. ಬಾಲ್ಯ

ಫ್ರೆಡ್ ಮಕ್‌ಫೀಲಿ ರೋಜರ್ಸರು 1928ನೆಯ ಮಾರ್ಚಿ 20ರಲ್ಲಿ ಪೆನ್ಸಿಲ್ವೇನಿಯ ಸೀಮೆಯ ಲಾಟ್ರೋಬ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಕಾರ್ಖಾನೆಗಳ ಯಜಮಾನನು. ಮನೆಯಲ್ಲಿ ಯಾವದಕ್ಕೂ ಕೊರತೆಯಿರಲಿಲ್ಲ. ಆದರೂ ಹುಡುಗನಿಗೆ ಉಬ್ಬಸದ ರೋಗವಿದ್ದದರಿಂದ ಅವನು ಬಹುದಿನಗಳನ್ನು ಕೋಣೆಯೊಳಗೇ ಕಳೆಯಬೇಕಾಯಿತು. ಮೈ ದಪ್ಪನಾಗಿದ್ದದರಿಂದ ಶಾಲೆಯ ಹುಡುಗರು ಹೀಯಾಳಿಸಿ ಬೆನ್ನಟ್ಟುತ್ತಿದ್ದರು. ಅವನಿಗೆ 11 ವರುಷವಾಗುವ ತನಕ ಒಡಹುಟ್ಟಿದವರಾಗಲಿ ಆಟದ ಜೊತೆಯವರಾಗಲಿ ಮನೆಯಲ್ಲಿ ಇರಲಿಲ್ಲ. ಆಗ ತಂದೆತಾಯಿಗಳು ಒಬ್ಬ ಹೆಣ್ಣು ಕೂಸನ್ನು ದತ್ತು ತಕ್ಕೊಂಡರು. ಒಂಟಿಯಾಗಿದ್ದ ಹುಡುಗನು ಕೈಗೊಂಬೆಗಳನ್ನು ಕೈಗೆ ತೊಟ್ಟು ಅವುಗಳಿಂದ ಮಾತಾಡಿಸುತ್ತಿದ್ದನು. ಸಿಟ್ಟು ದುಃಖ ಬಂದಾಗ ಪಿಯಾನೋ ವಾದ್ಯದ ಮುಂದೆ ಕೂತು ಅದನ್ನೆಲ್ಲಾ ಬೆರಳುಗಳಿಂದ ಹೊರಗೆ ಹಾಕುತ್ತಿದ್ದನು. ತಾಯಿಯ ತಂದೆಯಾದ ಅಜ್ಜನು ಮಾತ್ರ, ನೀನು ನೀನಾಗಿರುವದರಿಂದಲೇ ನನಗೆ ಪ್ರಿಯನೆಂದು ಹೇಳಿ ಅವನನ್ನು ಧೈರ್ಯಪಡಿಸುತ್ತಿದ್ದನು. ಮುಂದೆ ಲಕ್ಷಾಂತರ ಮಕ್ಕಳಿಗೆ ರೋಜರ್ಸರು ದಿನವೂ ತಿಳಿಸಿದ್ದು ಈ ಅಜ್ಜನ ಮಾತನ್ನೇ. ಆ ಮಾತಿನ ಬೇರು ಅದಕ್ಕಿಂತಲೂ ಆಳವಾದದ್ದು; ಯಾಕಂದರೆ ನಾವು ಯೋಗ್ಯರಾಗುವದಕ್ಕಿಂತ ಮುಂಚೆಯೇ ದೇವರು ನಮ್ಮನ್ನು ಪ್ರೀತಿಸಿದನೆಂಬದು ಸುವಾರ್ತೆಯ ಸಾರವಷ್ಟೆ.

2. ಕರೆಯು ಬಂದ ರೀತಿ

ರೋಜರ್ಸರು ಫ್ಲೋರಿಡಾ ಸೀಮೆಯ ರೋಲಿನ್ಸ್ ಕಾಲೇಜಿನಲ್ಲಿ ಸಂಗೀತವನ್ನು ಕಲಿತು 1951ರಲ್ಲಿ ಪದವಿಯನ್ನು ಪಡೆದರು. ಆಮೇಲೆ ದೇವಜ್ಞಾನ ಶಾಲೆಗೆ ಸೇರಿ ಬೋಧಕರಾಗಬೇಕೆಂಬದೇ ಅವರ ಮನಸ್ಸಾಗಿತ್ತು. ಅದೇ ವರುಷ ತಂದೆಯ ಮನೆಗೆ ಬಂದಾಗ ಅಲ್ಲಿ ಹೊಸದಾಗಿ ತಂದಿದ್ದ ದೂರದರ್ಶನ ಯಂತ್ರವನ್ನು ಕಂಡರು. ಅದರಲ್ಲಿ ದೊಡ್ಡವರು ಒಬ್ಬರ ಮುಖಕ್ಕೊಬ್ಬರು ತಿಂಡಿಯನ್ನು ಎಸೆದು ನಗಿಸುತ್ತಿದ್ದರು. ಇಷ್ಟು ದೊಡ್ಡ ಸಾಧನವು ಮನುಷ್ಯನನ್ನು ಅವಮಾನಪಡಿಸುವದಕ್ಕೆ ಉಪಯೋಗವಾಗುತ್ತಿದೆಯಲ್ಲಾ ಎಂದು ಅವರು ನೊಂದುಕೊಂಡರು. ನಮ್ಮಲ್ಲಿ ಅನೇಕರು ಇಂಥದ್ದನ್ನು ಕಂಡರೆ ಯಂತ್ರವನ್ನು ಬೈದು ಸುಮ್ಮನಾಗುತ್ತೇವೆ. ಅವರು ಹಾಗೆ ಮಾಡಲಿಲ್ಲ. ಕೆಟ್ಟ ಬೆಳೆ ಬಂದ ಹೊಲವನ್ನು ಬೀಳು ಬಿಡದೆ, ಒಳ್ಳೇ ಬೀಜವನ್ನು ಬಿತ್ತುವೆನೆಂದು ನಿಶ್ಚಯಿಸಿ ಅವರು ನ್ಯೂಯಾರ್ಕ್ ಪಟ್ಟಣಕ್ಕೆ ಹೋಗಿ, ಎನ್.ಬಿ.ಸಿ. ಎಂಬ ದೊಡ್ಡ ಪ್ರಸಾರ ಸಂಸ್ಥೆಯಲ್ಲಿ ಸಣ್ಣ ಕೆಲಸಕ್ಕೆ ಸೇರಿದರು. 1952ರಲ್ಲಿ ಜೋನ್ ಬರ್ಡ್ ಎಂಬಾಕೆಯನ್ನು ಮದುವೆಯಾದರು. ಅವರಿಗೆ ಇಬ್ಬರು ಗಂಡುಮಕ್ಕಳಾದರು.

3. ಸಿದ್ಧತೆಯ ವರುಷಗಳು

1953ರಲ್ಲಿ ರೋಜರ್ಸರು ನ್ಯೂಯಾರ್ಕಿನ ಲಾಭದ ಕೆಲಸವನ್ನು ಬಿಟ್ಟು ಪಿಟ್ಸ್‌ಬರ್ಗ್ ಪಟ್ಟಣಕ್ಕೆ ಬಂದರು. ಅಲ್ಲಿ ಊರವರೇ ಹಣ ಕೂಡಿಸಿ ಡಬ್ಲ್ಯು.ಕ್ಯು.ಇ.ಡಿ. ಎಂಬ ವಿದ್ಯಾಪ್ರಸಾರ ಕೇಂದ್ರವನ್ನು ಕಟ್ಟುತ್ತಿದ್ದರು. 1954ರಲ್ಲಿ ಅದು ಆರಂಭವಾದಾಗ ಜೋಸಿ ಕೇರಿ ಎಂಬಾಕೆಯು ಮಕ್ಕಳ ಮುಂದೆ ಹಾಡಿ ಮಾತಾಡುತ್ತಿದ್ದಳು; ರೋಜರ್ಸರು ಪರದೆಯ ಹಿಂದೆ ನಿಂತು ಗೊಂಬೆಗಳನ್ನು ಆಡಿಸುತ್ತಿದ್ದರು. ಆರಂಭದ ಹಿಂದಿನ ರಾತ್ರಿ ಕೇಂದ್ರದ ಮುಖ್ಯಸ್ಥೆಯು ಕೊಟ್ಟ ಒಂದು ಹುಲಿಗೊಂಬೆಯೇ ಮುಂದೆ ದಾನಿಯೇಲನೆಂಬ ಹೆಸರಿನಿಂದ ಆ ದೇಶದ ಮಕ್ಕಳಿಗೆಲ್ಲಾ ಪ್ರಿಯವಾಯಿತು. ಈ ಹುಲಿಯು ಗರ್ಜಿಸುವದಲ್ಲ. ಅಂಜುತ್ತಾ, ಮೆಲ್ಲಗೆ ಪ್ರಶ್ನೆ ಕೇಳುವಂಥದ್ದು.

ಈ ಕೆಲಸದ ನಡುವೆಯೇ ರೋಜರ್ಸರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪಿಟ್ಸ್‌ಬರ್ಗಿನ ದೇವಜ್ಞಾನ ಶಾಲೆಗೆ ಹೋಗಿ ಒಂದೊಂದೇ ಪಾಠವನ್ನು ಕಲಿತರು. ಹೀಗೆ ಅನೇಕ ವರುಷ ನಡೆದು 1962ರಲ್ಲಿ ವ್ಯಾಸಂಗವು ಮುಗಿಯಿತು. 1963ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರ ಮಂಡಲಿಯು ಅವರಿಗೆ ದೀಕ್ಷೆಯನ್ನು ಕೊಟ್ಟಿತು. ನಮ್ಮ ದಕ್ಷಿಣ ಭಾರತ ಸಭೆಯು 1947ರಲ್ಲಿ ಕೂಡಿಬಂದಾಗ ಅದರೊಳಗೆ ಸೇರಿದವರಲ್ಲಿ ಪ್ರೆಸ್ಬಿಟೇರಿಯನ್ ಸಂಪ್ರದಾಯದವರೂ ಇದ್ದರೆಂಬದನ್ನು ವಾಚಕರು ನೆನಸಬಹುದು. ಆದರೆ ಈ ದೀಕ್ಷೆಯಲ್ಲಿ ಒಂದು ವಿಶೇಷವಿತ್ತು. ಆ ಹಿರಿಯರು ಅವರಿಗೆ ಯಾವ ಊರಿನ ದೇವಾಲಯವನ್ನೂ ಒಪ್ಪಿಸದೆ, ಪ್ರಸಾರದ ಮೂಲಕ ಮಕ್ಕಳಿಗೂ ಕುಟುಂಬಗಳಿಗೂ ಸೇವೆ ಮಾಡುವದೇ ನಿಮ್ಮ ಪಾಲಿನ ಕೆಲಸವೆಂದು ನೇಮಿಸಿದರು.

ದೇವಜ್ಞಾನವೊಂದೇ ಸಾಲದೆಂದು ತಿಳಿದು ಅವರು ಮಾರ್ಗರೆಟ್ ಮಕ್‌ಫಾರ್ಲಂಡ್ ಎಂಬ ಪಂಡಿತೆಯ ಬಳಿಯಲ್ಲಿ ಮಕ್ಕಳ ಮನಸ್ಸಿನ ಬೆಳವಣಿಗೆಯನ್ನು ಅಭ್ಯಾಸಮಾಡಿದರು. ಆಕೆಯು 1988ರಲ್ಲಿ ತೀರಿಹೋಗುವ ತನಕ ತಮ್ಮ ಬರಹಗಳನ್ನು ಆಕೆಯ ಸಂಗಡ ವಿಚಾರಿಸುತ್ತಲೇ ಬಂದರು. ದೊಡ್ಡ ಹೆಸರು ಬಂದ ಮೇಲೂ ಕಲಿಯುವದನ್ನು ಬಿಡದವನೇ ಕಲಿಸಲು ತಕ್ಕವನು.

4. ಕೆಲಸದ ಕ್ರಮ

1963ರಲ್ಲಿ ಕೆನಡಾ ದೇಶದ ಟೊರೊಂಟೊ ಪಟ್ಟಣದಲ್ಲಿ ಅವರು ಮೊದಲನೆಯ ಸಾರಿ ತಮ್ಮ ಮುಖವನ್ನು ತೋರಿಸಿ ಮಕ್ಕಳೊಡನೆ ಮಾತಾಡಿದರು. ಬಳಿಕ ಪಿಟ್ಸ್‌ಬರ್ಗಿಗೆ ತಿರಿಗಿ ಬಂದರು. 1968ನೆಯ ಫೆಬ್ರವರಿ 19ರಿಂದ "ರೋಜರ್ಸರ ನೆರೆಹೊರೆ" ಎಂಬ ಅರ್ಥದ ಹೆಸರುಳ್ಳ ಅವರ ಕಾರ್ಯಕ್ರಮವು ಅಮೇರಿಕಾ ದೇಶದಲ್ಲೆಲ್ಲಾ ಪ್ರಸಾರವಾಯಿತು. 2001ನೆಯ ಆಗಸ್ಟ್ 31ರ ವರೆಗೆ ಹೊಸ ಪ್ರಸಾರಗಳು ಬಂದವು. ಎಲ್ಲಾ ಕೂಡಿ ಸುಮಾರು 900.

ಪ್ರತಿ ಸಾರಿಯೂ ಅವರು ಬಾಗಿಲಿನಿಂದ ಒಳಗೆ ಬಂದು, ಮೇಲಂಗಿಯನ್ನು ತೆಗೆದಿಟ್ಟು, ತಾಯಿಯು ಹೆಣೆದ ಉಣ್ಣೆಯ ಅಂಗಿಯನ್ನು ತೊಟ್ಟು, ಕಚೇರಿಯ ಪಾದರಕ್ಷೆಗಳನ್ನು ಬಿಚ್ಚಿ ಮನೆಯ ಪಾದರಕ್ಷೆಗಳನ್ನು ಮೆಟ್ಟುತ್ತಿದ್ದರು. ಇಷ್ಟರಲ್ಲಿ ಮಗುವಿನ ಮನಸ್ಸು ನೆಲೆಗೊಳ್ಳುತ್ತಿತ್ತು. ಅವರು ಗಟ್ಟಿಯಾಗಿ ಕೂಗಲಿಲ್ಲ, ಅವಸರಪಡಲಿಲ್ಲ. ಒಂದು ನಿಮಿಷವೆಂದರೆ ಎಷ್ಟೆಂದು ತೋರಿಸುವದಕ್ಕೆ ಅಡಿಗೆಮನೆಯ ಗಡಿಯಾರವನ್ನು ಮುಂದಿಟ್ಟು ಆ ನಿಮಿಷವೆಲ್ಲಾ ಮಾತಿಲ್ಲದೆ ಕೂತಿದ್ದದ್ದೂ ಉಂಟು.

ದೊಡ್ಡವರಿಗೆ ಅಲ್ಪವಾಗಿ ಕಾಣುವ ಭಯಗಳನ್ನು ಅವರು ಅಲ್ಪವೆಂದೆಣಿಸಲಿಲ್ಲ. ಸ್ನಾನದ ತೊಟ್ಟಿಯ ನೀರು ಹರಿದುಹೋಗುವಾಗ ಅದರ ಸಂಗಡ ತಾನೂ ತೂಬಿನೊಳಗೆ ಹೋದೇನೋ ಎಂದು ಅಂಜುವ ಮಗುವಿಗಾಗಿ ಒಂದು ಹಾಡನ್ನು ಕಟ್ಟಿದರು. 1970ರಲ್ಲಿ ಗಾಜಿನ ತೊಟ್ಟಿಯೊಳಗೆ ಒಂದು ಮೀನು ಸತ್ತಿರುವದನ್ನು ಮಕ್ಕಳಿಗೆ ತೋರಿಸಿ, ಅದನ್ನು ಮಣ್ಣಿನಲ್ಲಿ ಹೂಣಿಟ್ಟು, ಮರಣದ ವಿಷಯವಾಗಿ ಸತ್ಯವನ್ನೇ ಮಾತಾಡಿದರು. 1968ನೆಯ ಜೂನಿನಲ್ಲಿ ರಾಬರ್ಟ್ ಕೆನಡಿ ಎಂಬ ಮುಖಂಡನು ಗುಂಡಿಗೆ ಬಲಿಯಾಗಿ ದೇಶವೆಲ್ಲಾ ತಲ್ಲಣಿಸಿದಾಗ, ಕೆಲವೇ ದಿನಗಳಲ್ಲಿ ತಂದೆತಾಯಿಗಳಿಗಾಗಿ ಒಂದು ವಿಶೇಷ ಪ್ರಸಾರವನ್ನು ಮಾಡಿದರು. ಅದರಲ್ಲಿ ದಾನಿಯೇಲನೆಂಬ ಹುಲಿಗೊಂಬೆಯು, ಆ ಕೊಲೆಯ ಮಾತಿನ ಅರ್ಥವೇನೆಂದು ಕೇಳಿತು. ಮನೆಯಲ್ಲಿ ದೊಡ್ಡವರು ಪಿಸುಗುಟ್ಟುವದನ್ನು ಮಗು ಕೇಳಿಸಿಕೊಂಡಿರುವದೆಂದೂ ಅದಕ್ಕೆ ಉತ್ತರವು ಸಲ್ಲತಕ್ಕದ್ದೆಂದೂ ಅವರು ಬಲ್ಲವರಾಗಿದ್ದರು.

ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಿರಿ. ಅವರು ಪ್ರಸಾರದಲ್ಲಿ ಮೀನುಗಳಿಗೆ ಆಹಾರ ಹಾಕುವ ವಾಡಿಕೆಯಿತ್ತು. ಕಣ್ಣಿಲ್ಲದ ಒಬ್ಬ ಹುಡುಗಿಯು, ನೀವು ಮೀನಿಗೆ ಉಣಿಸಿದಿರೋ ಇಲ್ಲವೋ ನನಗೆ ಕಾಣದು, ಬಾಯಿಂದ ಹೇಳಿರಿ ಎಂದು ಅವರಿಗೆ ತಿಳಿಸಿದಳು. ಅಂದಿನಿಂದ ಅವರು ಮೀನಿಗೆ ಉಣಿಸುವಾಗ, ಈಗ ಉಣಿಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳುವ ರೂಢಿಯನ್ನು ಹಿಡಿದರು. ನೋಡುವವರು ಲಕ್ಷಾಂತರ, ಆದರೂ ಆ ಒಂದು ಕುರಿಯು ಲೆಕ್ಕಕ್ಕೆ ಬಂತು.

5. ಒಂದೇ ನೀರು, ಒಂದೇ ವಸ್ತ್ರ

ಹರಿಹರದ ತುಂಗಭದ್ರೆಯ ನೀರು ಯಾರನ್ನೂ ಜಾತಿ ಕೇಳಿ ಹರಿಯುವದಿಲ್ಲ. ಆದರೆ ಮನುಷ್ಯರು ಬಾವಿಗೂ ಕೆರೆಗೂ ಬೇಲಿ ಕಟ್ಟಿದರು. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರನ್ನು ತಮ್ಮ ಜನರೊಂದಿಗೆ ಮುಟ್ಟಿ ಕುಡಿದದ್ದಕ್ಕೆ ಎಷ್ಟು ಏಟುಗಳು ಬಿದ್ದವೆಂಬದನ್ನು ನಾವು ಓದಿದ್ದೇವೆ. ಅಮೇರಿಕಾ ದೇಶದಲ್ಲಿಯೂ ಕಪ್ಪು ವರ್ಣದವರಿಗೆ ಇಂಥದೇ ಬೇಲಿಯಿತ್ತು. 1964ರಲ್ಲಿ ಫ್ಲೋರಿಡಾ ಸೀಮೆಯ ಸೇಂಟ್ ಆಗಸ್ಟೀನ್ ಎಂಬ ಊರಿನಲ್ಲಿ ಕಪ್ಪು ಬಿಳಿ ವರ್ಣದವರು ಕೂಡಿ ಒಂದು ವಸತಿಗೃಹದ ಈಜುಕೊಳಕ್ಕೆ ಇಳಿದಾಗ ಅದರ ಯಜಮಾನನು ಆ ನೀರಿಗೆ ಆಮ್ಲವನ್ನು ಸುರಿದನು.

1968ರ ಶುಭ ಶುಕ್ರವಾರದ ಆರಾಧನೆಯಲ್ಲಿ ರೋಜರ್ಸರು ಫ್ರಾನ್ಸ್ವಾ ಕ್ಲೆಮನ್ಸ್ ಎಂಬ ಕಪ್ಪು ವರ್ಣದ ಯುವಕನ ಹಾಡನ್ನು ಕೇಳಿ, ನಮ್ಮ ಕಾರ್ಯಕ್ರಮದಲ್ಲಿ ಪೊಲೀಸನ ವೇಷವನ್ನು ಹಾಕುವೆಯಾ ಎಂದು ಕೇಳಿದರು. ಕ್ಲೆಮನ್ಸರು ಹಿಂಜರಿದರು, ಯಾಕಂದರೆ ಅವರು ಬೆಳೆದ ಕೇರಿಯಲ್ಲಿ ಪೊಲೀಸರನ್ನು ಯಾರೂ ಸ್ನೇಹಿತರೆಂದು ನೆನಸುತ್ತಿರಲಿಲ್ಲ. ಕಡೆಗೆ ಒಪ್ಪಿಕೊಂಡರು. 1969ನೆಯ ಮೇ ತಿಂಗಳ ಒಂದು ಪ್ರಸಾರದಲ್ಲಿ ರೋಜರ್ಸರು ಸೆಕೆಗಾಗಿ ಒಂದು ಚಿಕ್ಕ ತೊಟ್ಟಿಯಲ್ಲಿ ಕಾಲಿಟ್ಟು ಕೂತಿದ್ದರು. ದಾರಿಯಲ್ಲಿ ಬಂದ ಕ್ಲೆಮನ್ಸರನ್ನು ಕರೆದು, ನೀವೂ ಕಾಲಿಡಿರಿ ಅಂದರು. ತಮ್ಮ ಬಳಿಯಲ್ಲಿ ಮೈ ಒರಸುವ ವಸ್ತ್ರವಿಲ್ಲವೆಂದು ಅವರು ಹೇಳಲು, ನನ್ನದನ್ನೇ ತಕ್ಕೊಳ್ಳಿರಿ ಅಂದರು. ಒಂದೇ ನೀರಿನಲ್ಲಿ ನಾಲ್ಕು ಪಾದಗಳು, ಒಂದೇ ವಸ್ತ್ರ, ಉಪನ್ಯಾಸವಿಲ್ಲ. 1993ರಲ್ಲಿ ಇಬ್ಬರೂ ಅದೇ ದೃಶ್ಯವನ್ನು ತಿರಿಗಿ ಮಾಡಿದಾಗ ರೋಜರ್ಸರು ತಾವೇ ಬಗ್ಗಿ ಆ ಗೆಳೆಯನ ಪಾದಗಳನ್ನು ಒರಸಿದರು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ಓದಿದವನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯನ್ನು ಮುರಿದು, ಮನೆಗೆ ಬಂದ ಮೇಲೆ ಲೋಟಗಳನ್ನು ಬೇರೆಬೇರೆ ಇಡುವ ಮನೆಗಳು ನಮ್ಮ ಸಭೆಗಳಲ್ಲಿ ಉಳಿದಿವೆಯೋ ಎಂದು ಪ್ರತಿಯೊಬ್ಬನು ತನ್ನನ್ನು ತಾನೇ ಕೇಳಿಕೊಳ್ಳಲಿ.

6. ಹಣದ ವಿಷಯ

1969ನೆಯ ಮೇ 1ರಲ್ಲಿ ಅಮೇರಿಕಾ ಸೆನೆಟ್ ಸಭೆಯ ಒಂದು ಉಪಸಮಿತಿಯು, ಸಾರ್ವಜನಿಕ ಪ್ರಸಾರಕ್ಕೆ 2 ಕೋಟಿ ಡಾಲರು ಕೊಡಬೇಕೋ ಬೇಡವೋ ಎಂದು ವಿಚಾರಿಸುತ್ತಿತ್ತು. ಅಧ್ಯಕ್ಷನಾದ ಜಾನ್ ಪಾಸ್ಟೋರ್ ಎಂಬವನು ಉದ್ದವಾದ ಬರಹಗಳನ್ನು ಕೇಳಿ ಬೇಸತ್ತಿದ್ದನು. ರೋಜರ್ಸರು ತಮ್ಮ ಬರಹವನ್ನು ಓದದೆ ಪಕ್ಕಕ್ಕಿಟ್ಟು, ಸುಮಾರು 6 ನಿಮಿಷ ಮೆಲ್ಲಗೆ ಮಾತಾಡಿದರು. ತಮ್ಮ ಒಂದು ಪ್ರಸಾರಕ್ಕೆ 6,000 ಡಾಲರು ತಗಲುವದೆಂದೂ, ಹೊಡೆದಾಟದ ಚಿತ್ರಗಳಿಗೆ ಅಷ್ಟರಲ್ಲಿ ಎರಡು ನಿಮಿಷವೂ ಆಗದೆಂದೂ ಹೇಳಿ, ಸಿಟ್ಟು ಬಂದಾಗ ಮಗು ಅದನ್ನು ತಡೆದುಕೊಳ್ಳಬಲ್ಲದೆಂದು ಕಲಿಸುವ ತಮ್ಮ ಹಾಡಿನ ಮಾತುಗಳನ್ನು ಹೇಳಿದರು. ಅಧ್ಯಕ್ಷನು ಮೈ ಜುಮ್ಮೆಂದಿತೆಂದು ಒಪ್ಪಿ, ಆ ಹಣವನ್ನು ನೀವು ಗಳಿಸಿದಿರಿ ಅಂದನು. ಅವರು ಕೇಳಿದ್ದು ಸರಕಾರವನ್ನು, ಬಹಿರಂಗ ಸಭೆಯಲ್ಲಿ, ಎಲ್ಲಾ ಮಕ್ಕಳಿಗೋಸ್ಕರ. ಪರದೆಯ ಮುಂದೆ ಕೂತ ಮಗುವನ್ನು ಮಾತ್ರ ಅವರು ಗಿರಾಕಿಯೆಂದು ನೋಡಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಚರಿತ್ರೆಯನ್ನಿಟ್ಟು ತೂಗಿರಿ. ಅದೇ ದೇಶದಲ್ಲಿ ಜಿಮ್ ಬೇಕರ್ ಎಂಬವರು ದೂರದರ್ಶನದ ಪ್ರಸಿದ್ಧ ಪ್ರಸಂಗಿಯಾಗಿದ್ದರು, ಪಿ.ಟಿ.ಎಲ್. ಎಂಬ ಅವರ ಸಂಸ್ಥೆಯು ಬಹು ಹಣವನ್ನು ಕೂಡಿಸಿತು. ಸಾವಿರ ಡಾಲರು ಕೊಟ್ಟವರಿಗೆ ಪ್ರತಿ ವರುಷ ಮೂರು ರಾತ್ರಿ ತಮ್ಮ ವಸತಿಗೃಹದಲ್ಲಿ ತಂಗುವ ಹಕ್ಕುಂಟೆಂದು ಹೇಳಿ, ಇದ್ದ ಕೋಣೆಗಳು ಸಾಲದಷ್ಟು ಜನರಿಂದ ಹಣವನ್ನು ತಕ್ಕೊಂಡರು. ಅವರು 1987ರಲ್ಲಿ ಸ್ಥಾನವನ್ನು ಬಿಟ್ಟರು. 1989ರಲ್ಲಿ ನ್ಯಾಯಸ್ಥಾನವು ಮೋಸದ ಅಪರಾಧಿಯೆಂದು ತೀರ್ಪುಮಾಡಿ 45 ವರುಷ ಸೆರೆಯನ್ನು ವಿಧಿಸಿತು. ಆ ಶಿಕ್ಷೆಯು ಆಮೇಲೆ ಕಡಿಮೆಯಾಗಿ 1994ರಲ್ಲಿ ಬಿಡುಗಡೆಯಾಯಿತು. 1996ರಲ್ಲಿ ಅವರು ತಮ್ಮ ತಪ್ಪನ್ನು ಒಪ್ಪುವ ಒಂದು ಪುಸ್ತಕವನ್ನೂ ಬರೆದರು. ಬಿದ್ದವನನ್ನು ಕಂಡು ನಗುವದಕ್ಕೆ ಇದನ್ನು ಬರೆಯುವದಿಲ್ಲ. ಯೇಸುವಿನ ಹೆಸರು ಆ ಪ್ರಸಾರದಲ್ಲಿ ದಿನವೂ ಕೇಳುತ್ತಿತ್ತು. ತಕ್ಕಡಿಯು ಮಾತ್ರ ಸುಳ್ಳಾಗಿತ್ತೆಂಬದನ್ನು ತಿಳಿಯುವದಕ್ಕಾಗಿ ಬರೆಯುತ್ತೇವೆ.

7. ಹೆಸರೆತ್ತದ ಸಾಕ್ಷಿ

ಇಲ್ಲಿ ವಾಚಕರಲ್ಲಿ ಕೆಲವರು ಒಂದು ಆಕ್ಷೇಪಣೆಯನ್ನು ತರುವರು. ರೋಜರ್ಸರು ಬೋಧಕರಾಗಿದ್ದರೂ ತಮ್ಮ ಪ್ರಸಾರಗಳಲ್ಲಿ ಮತಬೋಧನೆ ಮಾಡಲಿಲ್ಲವಲ್ಲಾ. ಇದು ದೀಪವನ್ನು ಕೊಳಗದೊಳಗೆ ಇಟ್ಟಂತೆ ಅಲ್ಲವೋ? ಆಕ್ಷೇಪಣೆಯು ಹಗುರವಾದದ್ದಲ್ಲ. ನಮ್ಮಂಥ ಉಪದೇಶಿಗಳಿಗೆ ಹೆಸರನ್ನು ಹೇಳಿ ಸಾರುವ ಕೆಲಸವು ಒಪ್ಪಿಸಲ್ಪಟ್ಟಿದೆ. ಅದನ್ನು ಬಿಡುವ ಅಧಿಕಾರ ನಮಗಿಲ್ಲ. ಆದರೆ ಅವರಿಗೆ ಸಭೆಯು ಒಪ್ಪಿಸಿದ ಕೆಲಸವು ಬೇರೆ. ಅದು ಎಲ್ಲಾ ಮತಗಳ ಮಕ್ಕಳು ನೋಡುವ ಸಾರ್ವಜನಿಕ ಪ್ರಸಾರವಾಗಿತ್ತು. ತಾಯಿಯು ಕೋಣೆಯಲ್ಲಿಲ್ಲದ ಹೊತ್ತಿನಲ್ಲಿ ಪರರ ಕೂಸಿನ ಕಿವಿಯಲ್ಲಿ ಗುಟ್ಟಾಗಿ ಮತವನ್ನು ಊದುವದು ನೆರೆಯವನ ಲಕ್ಷಣವಲ್ಲ. ಸಮಾರ್ಯದವನು ಗಾಯಪಟ್ಟವನಿಗೆ ಎಣ್ಣೆ ದ್ರಾಕ್ಷಾರಸವನ್ನು ಹೊಯ್ದನಲ್ಲದೆ ಪ್ರಸಂಗವನ್ನು ಮಾಡಲಿಲ್ಲ; ಆದರೂ ಕರ್ತನು ಅವನನ್ನೇ ಮಾದರಿಯಾಗಿ ತೋರಿಸಿದನು.

ಇದಲ್ಲದೆ ಅವರು ಪ್ರಾರ್ಥನೆಯಿಲ್ಲದೆ ಕೆಲಸಕ್ಕೆ ಕೈಹಾಕಿದವರಲ್ಲ. ಪ್ರತಿದಿನವೂ ಮುಂಜಾನೆ ಎದ್ದು, ತಮಗೆ ಗೊತ್ತಿದ್ದ ಬಹುಜನರ ಹೆಸರುಗಳನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತಿದ್ದರು. ತಮ್ಮ ಮಾತಿಗೂ ಕೇಳುವ ಮಗುವಿಗೂ ನಡುವೆ ಇರುವ ಸ್ಥಳವು ಪರಿಶುದ್ಧವಾದದ್ದೆಂದೂ, ಅಲ್ಲಿ ಪವಿತ್ರಾತ್ಮನು ಕೆಲಸಮಾಡುತ್ತಾನೆಂದೂ ನಂಬಿದ್ದರು. ಮೋಶೆಯು ಪಾದರಕ್ಷೆಗಳನ್ನು ಕಳಚಿದ ಸ್ಥಳವನ್ನು ನೆನಸಿರಿ.

8. ಅಂತ್ಯ

1997ರಲ್ಲಿ ಪ್ರಸಾರದವರ ದೊಡ್ಡ ಸಭೆಯಲ್ಲಿ ಅವರಿಗೆ ಜೀವಮಾನದ ಬಹುಮಾನವು ದೊರಕಿತು. ಅವರು ತಮ್ಮನ್ನು ಹೊಗಳಿಕೊಳ್ಳದೆ, ನಿಮ್ಮನ್ನು ಪ್ರೀತಿಸಿ ಮನುಷ್ಯರನ್ನಾಗಿ ಮಾಡಿದವರನ್ನು 10 ಸೆಕೆಂಡು ನೆನಸಿರೆಂದು ಹೇಳಿ, ತಾವೇ ಕೈಗಡಿಯಾರವನ್ನು ನೋಡುತ್ತಾ ನಿಂತರು. ನಟರೂ ನಟಿಯರೂ ಕಣ್ಣೀರಿಟ್ಟರು. 2002ರಲ್ಲಿ ರಾಷ್ಟ್ರಾಧ್ಯಕ್ಷರಿಂದ ಸ್ವಾತಂತ್ರ್ಯ ಪದಕವನ್ನು ಹೊಂದಿದರು. ಅದೇ ವರುಷದ ಕೊನೆಯಲ್ಲಿ ಹೊಟ್ಟೆಯ ಅರ್ಬುದರೋಗವು ತಿಳಿದುಬಂತು; 2003ನೆಯ ಫೆಬ್ರವರಿ 27ರಲ್ಲಿ, 74ನೆಯ ವಯಸ್ಸಿನಲ್ಲಿ, ಪಿಟ್ಸ್‌ಬರ್ಗಿನ ತಮ್ಮ ಮನೆಯಲ್ಲಿ ನಿದ್ರೆಹೋದರು.

ಕಡೇ ದಿನಗಳಲ್ಲಿ ಅವರು ಮತ್ತಾಯನ ಸುವಾರ್ತೆಯ ಕುರಿ ಆಡುಗಳ ಸಾಮ್ಯವನ್ನು ನೆನಸಿ, ನಾನು ಕುರಿಗಳ ಪಂಕ್ತಿಯವನೋ ಎಂದು ಹೆಂಡತಿಯನ್ನು ಕೇಳಿದರಂತೆ. ಯಾವನಾದರೂ ಕುರಿಯಾಗಿದ್ದರೆ ಅದು ನೀವೇ ಎಂದು ಆಕೆ ಹೇಳಿದಳು. ಲಕ್ಷಾಂತರ ಮಕ್ಕಳಿಗೆ ಅಭಯ ಕೊಟ್ಟವನು ತನ್ನ ಲೆಕ್ಕವನ್ನು ಒಪ್ಪಿಸುವ ಹೊತ್ತಿನಲ್ಲಿ ಮಗುವಿನಂತೆ ಕೇಳಿದನು. ನಾವು ನೀತಿವಂತರೇ ಸರಿ ಎಂದು ಎದೆತಟ್ಟಿ ಹೇಳುವವರಿಗಿಂತ ಹೀಗೆ ಕೇಳುವವನು ರಾಜ್ಯಕ್ಕೆ ಹತ್ತಿರವಾಗಿದ್ದಾನೆ.

9. ನಮಗೆ ಪಾಠ

ಹಾಗಾದರೆ ಪರದೆಯಿಂದ ಮಾತಾಡುವವರನ್ನು ತೂಗುವ ತಕ್ಕಡಿ ಯಾವದು? ಇವನು ನನಗೆ ನೆರೆಯವನಾಗುತ್ತಾನೋ, ಇಲ್ಲವೆ ನನ್ನನ್ನು ಗಿರಾಕಿಯನ್ನಾಗಿ ಮಾಡುತ್ತಾನೋ ಎಂಬದೇ. ನೆರೆಯವನು ಸತ್ಯವನ್ನು ಮೆಲ್ಲಗೆ ಹೇಳುವನು. ಬಲಹೀನನನ್ನು ಎಣಿಕೆಗೆ ತರುವನು. ಭಯವನ್ನು ಹುಟ್ಟಿಸಿ ಹಣವನ್ನು ಕೀಳನು. ಇದೇ ತಕ್ಕಡಿಯಲ್ಲಿ ನಾವೂ ಕೂಡ ಕೂರತಕ್ಕವರು. ಯಾಕಂದರೆ ದೂರದರ್ಶನವು ಎಷ್ಟು ಒಳ್ಳೇದಾದರೂ ಮಗುವನ್ನು ಎತ್ತಿಕೊಳ್ಳಲಾರದು. ಮೊಬೈಲನ್ನು ಕೈಗೆ ಕೊಟ್ಟು ಮಗುವನ್ನು ಸುಮ್ಮನಿರಿಸುವ ತಾಯಿತಂದೆಗಳೇ, ದಿನಕ್ಕೆ ಕಾಲುಗಂಟೆಯಾದರೂ ಅದರ ಮುಂದೆ ಕೂತು, ಅದು ಅಂಜುವದು ಯಾವದಕ್ಕೆ ಎಂದು ಕೇಳಿರಿ. ಭಾನುವಾರದ ಶಾಲೆಯ ಉಪಾಧ್ಯಾಯರೇ, ಹಿಂದಿನ ಸಾಲಿನಲ್ಲಿ ಬಾಯಿಬಿಡದೆ ಕೂತಿರುವ ಮಗುವಿನ ಹೆಸರನ್ನು ನಾಳೆಯ ಪ್ರಾರ್ಥನೆಯಲ್ಲಿ ಹೇಳಿರಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ದೂರದರ್ಶನದಲ್ಲಿ ಕಂಡ ಕೆಟ್ಟತನಕ್ಕೆ ರೋಜರ್ಸರು ಯಾವ ರೀತಿ ಉತ್ತರಕೊಟ್ಟರು? ನಮ್ಮ ಊರಲ್ಲಿ ನಾವು ಬೈದು ಬಿಟ್ಟಿರುವ ಯಾವ ಹೊಲವು ಬಿತ್ತನೆಗೆ ಕಾದಿದೆ?
2. ಕಣ್ಣಿಲ್ಲದ ಹುಡುಗಿಯ ಸಂಗತಿಯನ್ನು ಲೂಕ 15:1–7ರ ಸಂಗಡ ಹೋಲಿಸಿರಿ.
3. ನಮ್ಮ ಊರ ಬಾವಿ, ನಲ್ಲಿ, ಊಟದ ಪಂಕ್ತಿ, ಮನೆಯ ಲೋಟ ಇವುಗಳಲ್ಲಿ ಭೇದವು ಉಳಿದಿದೆಯೋ? ಉಳಿದಿದ್ದರೆ ಮೊದಲು ಪಾದ ತೊಳೆಯತಕ್ಕವರು ಯಾರು?
4. ಕಾಣಿಕೆ ಕೇಳುವವನ ತಕ್ಕಡಿಯು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವದಕ್ಕೆ ಯಾವ ಯಾವ ಪ್ರಶ್ನೆಗಳನ್ನು ಕೇಳಬೇಕು?
5. ಹೆಸರೆತ್ತದೆಯೂ ಸಾಕ್ಷಿಯಾಗಬಹುದೋ? ಮತ್ತಾಯ 5:14–16ನ್ನೂ 25:31–46ನ್ನೂ ಓದಿ ಎರಡು ಪಕ್ಷದವರೂ ತಾಳ್ಮೆಯಿಂದ ಮಾತಾಡಲಿ.